ಒಳಗೆ ಬಿಟ್ಟ ಬಟ್ಟೆ

ಟೇಪು ಹಿಡಿದು ಹತ್ತಿರ ಹೋದರೆ ಸಾಕು,
ಕಾರವಾರದ ಹೆಂಗಸರೆಲ್ಲ ಉಸಿರು ಒಳಗೆಳೆದುಕೊಳ್ಳುತ್ತಾರೆ.
"ಬಿಡಿ," ಎನ್ನುತ್ತೇನೆ, "ಬಿಟ್ಟ ಉಸಿರಿಗೆ ಹೊಲಿಯುವವಳು ನಾನು."
ಇಪ್ಪತ್ತೆರಡು ವರ್ಷ, ಕಾಜುಬಾಗದ ಈ ಆರಡಿ ಅಂಗಡಿಯಲ್ಲಿ
ಊರಿನ ಸೊಂಟಗಳ ಲೆಕ್ಕ ಬರೆದಿಟ್ಟಿದ್ದೇನೆ
ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ.

ವೃಂದಾ ಪೆಡ್ನೇಕರ ಬಂದದ್ದು ಏಪ್ರಿಲಿನಲ್ಲಿ,
ತಮ್ಮನ ಮದುವೆಗೆ ಆರು ವಾರ ಇರುವಾಗ.
"ಈಗಿನ ಅಳತೆ ಬೇಡ," ಎಂದಳು, "ಆಗಿನದಕ್ಕೆ ಹೊಲಿ."
ಆಗಿನದು ಎಷ್ಟು?
ಚೀಲದಿಂದ ಡಬ್ಬಿ ತೆಗೆದು ತೋರಿಸಿದಳು.
ಅದರ ಮೇಲೊಬ್ಬಳು ನಗುತ್ತಿದ್ದಳು,
ಬೆವರಿಲ್ಲ, ಹೊಟ್ಟೆಯಿಲ್ಲ.
ಹೊಟ್ಟೆಯೇ ಇಲ್ಲದವಳಿಗೆ ಹಸಿವೆಲ್ಲಿಂದ?

ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ,
ವೆನಿಲಾ ವಾಸನೆಯ ಬಿಳಿ ನೀರು.
ಮಧ್ಯಾಹ್ನ ಮುಷ್ಟಿ ಅನ್ನ, ಎರಡು ಸೌತೆ ಹೋಳು.
ಅತ್ತೆ ಬಾಂಗಡೆ ಸಾರಿಗೆ ಜುಮ್ಮನಕಾಯಿ ಜಜ್ಜಿ ಹಾಕಿದ ದಿನ
ಹಿತ್ತಲಿಗೆ ಹೋಗಿ ನಿಂತಿದ್ದಳಂತೆ,
ಪರಿಮಳ ಕಳೆಯುವ ತನಕ.

ಇಳಿದಳು. ಸುಳ್ಳು ಹೇಳಬಾರದು, ಇಳಿದಳು:
ಮೂರು ಇಂಚು.
ಮದುವೆಮನೆಯಲ್ಲಿ ಎಲ್ಲರೂ ಹೊಗಳಿದರು,
ಅರ್ಧ ಹೊಗಳಿಕೆ ನನ್ನ ಸೂಜಿಗೆ ಸಲ್ಲಬೇಕಿತ್ತು.
ಪಂಕ್ತಿಯಲ್ಲಿ ಮಾತ್ರ ಅವಳ ಎಲೆ
ಪರೀಕ್ಷೆಯಲ್ಲಿ ಬಿಟ್ಟುಬಂದ ಪ್ರಶ್ನೆಯಂತಿತ್ತು.

ಡಬ್ಬಿ ಮುಗಿಯಿತು. ಮತ್ತೊಂದಕ್ಕೆ ಸಂಬಳ ಸಾಲಲಿಲ್ಲ.
ಚೌತಿ ಬಂತು, ನೇವ್ರಿ ಬಂತು,
ಅಟ್ಟಕ್ಕೆ ಹಾಕಿದ್ದ ಹಸಿವು ಇಳಿದುಬಂತು, ಬಡ್ಡಿ ಸಮೇತ.
ದೀಪಾವಳಿ ಕಳೆದು ಅದೇ ರವಿಕೆಯನ್ನು
ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು
ಕದ್ದ ಮಾಲಿನಂತೆ ಮೇಜಿನ ಮೇಲಿಟ್ಟಳು.
ನಾಲ್ಕು ಇಂಚು. ಹೋದದ್ದಕ್ಕಿಂತ ಒಂದು ಹೆಚ್ಚು.
ಹೊಲಿಗೆ ಬಿಚ್ಚಿದೆ. ಒಳಗೆ ಬಟ್ಟೆ ಇತ್ತು.
ಮಿಕ್ಕದ್ದನ್ನು ಕತ್ತರಿಸಿ ಎಸೆಯುವ ಅಭ್ಯಾಸ ನನಗಿಲ್ಲ.

ಬುದ್ಧಿ ಹೇಳಲಿಲ್ಲ. ಹೇಳಲು ನಾನ್ಯಾರು?
ಹಗಲಿಡೀ ಪೆಡಲು ತುಳಿದರೂ ಎಲ್ಲಿಗೂ ಹೋಗದವಳು,
ಚಹಾಕ್ಕೆ ಮೂರು ಚಮಚ ಸಕ್ಕರೆ, ಜೊತೆಗೆ ಖಾರಿ,
ಮಂಡಿ ಎರಡೂ ತುಕ್ಕು ಹಿಡಿದ ಬಿಜಾಗರಿ.

ಇಬ್ಬರೂ ಹೋದೆವು ಸರಕಾರಿ ಆಸ್ಪತ್ರೆಗೆ.
ಡಾಕ್ಟರಮ್ಮ ಖಾಲಿ ಡಬ್ಬಿಯನ್ನು ತಿರುಗಿಸಿ ಓದಿದರು.
"ವಿಷವೇನಲ್ಲ," ಎಂದರು, "ಕೆಲವರಿಗೆ ನಾನೇ ಬರೆದುಕೊಡುತ್ತೇನೆ.
ಆದರೆ ಇದು ಮುಗಿದ ಮರುದಿನ
ಏನು ಉಣ್ಣುತ್ತೀರಿ, ಅದನ್ನು ಮೊದಲು ಹೇಳಿ."
ವೃಂದಾ ನನ್ನ ಮುಖ ನೋಡಿದಳು.
ನಾನು ಗೋಡೆಯ ಮೇಲಿನ ಲಸಿಕೆಯ ಚಿತ್ರ ನೋಡಿದೆ.

ಆಮೇಲಿನದಕ್ಕೆ ಕತೆಯ ಗತ್ತಿಲ್ಲ.
ಬೆಳಿಗ್ಗೆ ಆರಕ್ಕೆ, ಕೋಡಿಬಾಗ ದಾಟಿ ಕಾಳಿ ಸೇತುವೆಯವರೆಗೆ;
ಮೊದಲ ವಾರ ಅರ್ಧಕ್ಕೇ ಕೂತೆವು,
ದೋಣಿಯ ಮರೆಯಲ್ಲಿ ಬಲೆ ಬಿಡಿಸುವವರು ನಕ್ಕರು.
ರವಿವಾರದ ಸಂತೆಯಲ್ಲಿ ಸೋಮಿಯ ಬುಟ್ಟಿಯಿಂದ ಹರಿವೆ, ಬಸಳೆ,
ಅವಳು ಕೊಸರಿಗೆ ಕೊಟ್ಟ ಒಂದೆಲಗ.
ಅನ್ನಕ್ಕೆ ಒಂದೇ ಸೌಟು, ಸೊಪ್ಪಿಗೆ ಲೆಕ್ಕವಿಲ್ಲ.
ಬಾಂಗಡೆಯನ್ನು ಎಣ್ಣೆಯಲ್ಲಿ ಮುಳುಗಿಸದೆ
ಬಾಳೆಲೆಯಲ್ಲಿ ಸುತ್ತಿ ಕಾವಲಿಯ ಮೇಲೆ.
ನಡುವೆ ಒಮ್ಮೆ ಶಿರಸಿಯ ಗೆಳತಿಯ ಮನೆಯಲ್ಲಿ
ಒಂಬತ್ತು ತೊಡದೇವು ತಿಂದು ಬಂದಳು, ಎಣಿಸಿದ್ದು ಅವಳೇ;
ಮರುದಿನ ಆರಕ್ಕೆ ಅಂಗಡಿಯ ಮುಂದೆ ನಿಂತಿದ್ದಳು.

ಹದಿನಾರು ತಿಂಗಳಿಗೆ ಎರಡೂವರೆ ಇಂಚು.
ಯಾರೂ ಗಮನಿಸಲಿಲ್ಲ. ಟೇಪು ಗಮನಿಸಿತು.
ನನ್ನದು ಒಂದು ಇಂಚೂ ಇಲ್ಲ,
ಆದರೆ ಅಂಗಡಿಯ ಮೂರು ಮೆಟ್ಟಿಲನ್ನು ಈಗ
ಬಾಗಿಲ ಚೌಕಟ್ಟು ಹಿಡಿಯದೆ ಹತ್ತುತ್ತೇನೆ.
ಆ ಡಬ್ಬಿಯಲ್ಲಿ ನನ್ನ ಹುಕ್ಕುಗಳಿವೆ,
ನಗುವವಳ ಮುಖ ಗೋಡೆಯ ಕಡೆ.

ನಿನ್ನೆ ಮತ್ತೆ ಅದೇ ರವಿಕೆ. ಕೈ ಎತ್ತಿ ನಿಂತಳು,
ಉಸಿರು ಹಿಡಿಯಲಿಲ್ಲ.
"ಒಳಗಿನ ಬಟ್ಟೆ ಕತ್ತರಿಸಿಬಿಡಲೇ?" ಕೇಳಿದೆ.
ಸ್ವಲ್ಪ ಹೊತ್ತು ಯೋಚಿಸಿದಳು.
"ಬೇಡ, ಇರಲಿ," ಎಂದಳು,
"ಇಶಾಡ ಮಾವು ಬರುವ ಕಾಲ."