ಯಾರು ಕರೆದರು

ಬೈತಖೋಲದ ಐಸ್ ಪ್ಲಾಂಟಿನ ಅಟ್ಟದ ಮೇಲೆ ನಾನು,
ಮಿಂಗೇಲ್ ಮಾಸ್ತರು ಬರೆದಿಟ್ಟುಹೋದ ಡೀಸೆಲ್ ಲೆಕ್ಕದ ಪ್ರೋಗ್ರಾಮು,
ಮೂವತ್ತೊಂದು ಸಾವಿರ ಸಾಲು.

ಹೆಸರೊಂದನ್ನು ಒತ್ತಿದರೆ
ಅದು ಹುಟ್ಟಿದ ಸಾಲಿಗೇ ಒಯ್ದು ನಿಲ್ಲಿಸುತ್ತದೆ ಸಲಕರಣೆ.
ಕರೆದವರಾರೆಂದು ಕೇಳಿದರೆ
ಕಡತ, ಸಾಲು, ಬಿಡದೆ ಒಪ್ಪಿಸುತ್ತದೆ,
ರಂಪಣಿಯ ಒಂದು ಗಂಟು ಜಗ್ಗಿ
ಎಲ್ಲೆಲ್ಲಿ ಅಲುಗಿತೆಂದು ಕೈಗೇ ತಿಳಿದ ಹಾಗೆ.

ಇವತ್ತು ಸಿಕ್ಕಿದ್ದು ‘ಸುಲೋಚನಾ’.
ಲೆಕ್ಕಕ್ಕೆ ಇಪ್ಪತ್ತು ಲೀಟರ್ ಸೇರಿಸು, ಅಷ್ಟೇ ಅದರ ಕೆಲಸ.
ಕರೆದವರು: ಸೊನ್ನೆ.
ಅಳಿಸಬಹುದು.

ಚಾ ತಂದ ಸಾವೇರ ಪರದೆಗೆ ಬಗ್ಗಿದ:
‘ಸುಲೋಚನಾ? ದೋಣಿಯಲ್ವಾ ಮಾರಾಯ್ತಿ, ಗಾಳಿಗೆ ಹೋದದ್ದು.
ಹುಡುಕಲು ಹೊರಟ ಬೋಟಿಗೆಲ್ಲ
ಇಪ್ಪತ್ತು ಲೀಟರ್ ಜಾಸ್ತಿ ಬರೆಯುತ್ತಿದ್ದರು ಮಾಸ್ತರು,
ಒಂಬತ್ತು ದಿನ.’

ಅಳಿಸುವ ಮೊದಲು
ಒಮ್ಮೆ ನಾನೇ ಕರೆದೆ.
ಇಪ್ಪತ್ತು, ಅಂದಿತು.