ಟೇಪಿನ ಇನ್ನೊಂದು ಮಗ್ಗುಲು

ಮೂವತ್ತೊಂದು ವರ್ಷ ಇಂಚಿನ ಕಡೆಯಿಂದಲೇ ಹೊಟ್ಟೆ ಹೊರೆದವನು ನಾನು.
ಕೊರಳಲ್ಲಿ ಜೋತ ಈ ಹಳದಿ ಟೇಪಿಗೆ ಬೆನ್ನೂ ಒಂದಿದೆ,
ಅಲ್ಲಿ ಸೆಂಟಿಮೀಟರಿನ ಇರುವೆಸಾಲು ಹರಿದಿದೆ
ಎಂದು ಗೊತ್ತಿತ್ತು. ಬೇಕಾಗಿರಲಿಲ್ಲ.
ಅಳತೆಗೆ ನಿಂತವರಿಗೆಲ್ಲ ಒಂದೇ ಮಾತು:
"ಉಸಿರು ಬಿಡಿ, ಎದೆ ಉಬ್ಬಿಸಬೇಡಿ,
ಈಗ ನೀವು ಹೇಳುವ ಸುಳ್ಳನ್ನು
ನಾಳೆ ಗುಂಡಿ ಎಲ್ಲರೆದುರು ಬಿಚ್ಚಿಡುತ್ತದೆ."

ಹೋದ ಚಳಿಯಲ್ಲಿ ಮಗ ಸುಯೋಗ
ಅಂಗಿ ಕಳಚಿ ಅಂಗಡಿಯೊಳಗೆ ನಿಂತ.
"ಪಪ್ಪಾ, ಟೇಪು ತಿರುಗಿಸು.
ಸುಮ್ಮನೆ ನಿಂತಾಗ ಎಪ್ಪತ್ತೇಳು,
ಉಸಿರು ತುಂಬಿದಾಗ ಎಂಬತ್ತೆರಡು.
ಐದು ಹಿಗ್ಗದಿದ್ದರೆ ಮಿಲಿಟರಿಯವರು ಬಾಗಿಲಲ್ಲೇ ಕಳಿಸ್ತಾರೆ."
ಸುತ್ತಿದೆ. ತುಂಬಿದ.
ಕಿವಿ ಕೆಂಪಾಯಿತು, ಕುತ್ತಿಗೆಯ ನರ ಎದ್ದಿತು,
ಟೇಪು ಮಾತ್ರ ಮೂರಕ್ಕೆ ನಿಂತೇಬಿಟ್ಟಿತು.
ಆಮೇಲೆ ಕೆಮ್ಮಿದ.
ಆ ಕೆಮ್ಮಿನ ವಾಸನೆ ನನಗೆ ಹೊಸದಲ್ಲ.

ಮರುದಿನದಿಂದ ಕೋಡಿಬಾಗದ ನಾಲ್ವರು.
ಗುನಗಿಯವರ ಸ್ನೇಹಲ ತಿಥಿ ಎಣಿಸಿ ಇಳಿತದ ಹೊತ್ತು ಹೇಳುತ್ತಾಳೆ:
ನೀರು ಇಳಿದಿದ್ದರೆ ಮರಳು ಗಟ್ಟಿ, ಓಟ ಹಗುರ,
ಏರಿದ್ದರೆ ಹಿಮ್ಮಡಿ ಹೂಳುವ ಸಡಿಲು.
"ಸಡಿಲದಲ್ಲೇ ಓಡ್ರೋ" ಅನ್ನುವವಳೂ ಅವಳೇ.
(ಅವಳ ಅಳತೆ ಒಳಮನೆಯಲ್ಲಿ, ನನ್ನ ಹೆಂಡತಿಯ ಪಾಲು.)
ಓಡಿ ಬಂದು, ಮೈಯ ಉಪ್ಪು ಒಣಗುವ ಮೊದಲು
ನನ್ನೆದುರು ಸಾಲು ನಿಲ್ಲುತ್ತಾರೆ.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇನೆ:
ಮೂರು. ಮೂರೂಕಾಲು. ಚೌತಿ ಕಳೆದ ವಾರ ಮತ್ತೆ ಮೂರು.
ಯಾಕೆಂದು ನಾನು ಕೇಳಲಿಲ್ಲ, ಗೋಡೆ ಕೇಳಿತು.

ಆಲ್ವಿನ್ ಸಾವಿರಗಟ್ಟಲೆ ಕೊಟ್ಟು ಪುಡಿಯ ಡಬ್ಬಿ ತಂದಿದ್ದ,
ತೋಳು ಉಬ್ಬಿದ ಗಂಡಸಿನ ಚಿತ್ರದ್ದು.
ಪುಡಿ ಮುಗಿಯಿತು, ತೋಳು ಅಷ್ಟೇ ಉಳಿಯಿತು.
ಈಗ ಅವನ ತಾಯಿ ಅದರಲ್ಲಿ ಹೆಸರುಕಾಳು ನೆನೆಹಾಕುತ್ತಾಳೆ,
ಮಧ್ಯಾಹ್ನಕ್ಕೆ ತಾರ್ಲೆ, ಸಾಲಕ್ಕೆ ತಂದದ್ದಲ್ಲ.

ರಾತ್ರಿ ಹತ್ತಾದರೆ ಸುಯೋಗನ ಮೊಬೈಲು
ನನ್ನ ಹೊಲಿಗೆಮಿಶನ್ನಿನ ಖಾನೆಗೆ.
ಕತ್ತಲಲ್ಲಿ ಅದು ಗುಂಯ್ ಅಂದಾಗ
ಬಾಬಿನ್ನುಗಳು ಹಲ್ಲು ಕಡಿಯುತ್ತವೆ.
ಮೊದಲ ವಾರ ಎರಡು ಸಲ ಎದ್ದು ಬಂದ,
ಬೆಳಕು ಹಾಕದೆ ನಿಂತ, ಹೋದ.
ನಾನು ಗೊರಕೆ ಹೊಡೆದಂತೆ ಮಾಡಿದೆ.

ಹರಿಕಂತ್ರರ ದೀಪರಾಜನ ಎದೆ ಆರು ಹಿಗ್ಗುತ್ತದೆ.
ದೋಣಿ ಎಳೆದ ಎದೆ.
ಆದರೆ ನಡುರಾತ್ರಿ ಬಲೆ ಕಾಯುವಾಗ ನಿದ್ದೆ ಬರಬಾರದೆಂದು
ಹದಿನಾಲ್ಕರಿಂದ ಗುಟ್ಕಾ.
ದಂತವೈದ್ಯರು ಹೇಳಿದ್ದು ಇನ್ನೊಂದು ಅಳತೆ:
ಬಾಯೊಳಗೆ ನಿಮ್ಮದೇ ಮೂರು ಬೆರಳು ನೆಟ್ಟಗೆ ನಿಲ್ಲಬೇಕು.
ಅವನಿಗೆ ಎರಡು.
ಬಿಟ್ಟ. ನಿಜಕ್ಕೂ ಬಿಟ್ಟ, ಎಂಟು ತಿಂಗಳಾಯಿತು.
ಎರಡೂವರೆ.
ನಗುವಾಗ ಅಂಗೈ ಅಡ್ಡ ಹಿಡಿಯುತ್ತಾನೆ,
ಕಾಜ ಚಿಕ್ಕದಾಯಿತೆಂದರೆ ಕತ್ತರಿಸಿ ದೊಡ್ಡದು ಮಾಡಬಲ್ಲೆ,
ಇದಕ್ಕೆ ನನ್ನಲ್ಲಿ ಕತ್ತರಿಯಿಲ್ಲ.

ಭರ್ತಿಯ ಮೈದಾನದಿಂದ ಸ್ನೇಹಲ ಗೆದ್ದು ಬಂದಳು.
ಆಲ್ವಿನ್‌ಗೆ ಕಾಗದ ಇನ್ನೂ ಬರಬೇಕು.
ದೀಪರಾಜನನ್ನು ಬಾಯಿ ತೆರೆಸಿ ನೋಡಿ ಬದಿಗೆ ನಿಲ್ಲಿಸಿದರಂತೆ.
ನನ್ನ ಮಗನ ಎದೆ ಐದೂವರೆ ಹಿಗ್ಗಿತು,
ಓಟದಲ್ಲಿ ನಾಲ್ಕು ಸೆಕೆಂಡು ಹಿಂದೆ ಬಿದ್ದ.
ನಾಲ್ಕು ಸೆಕೆಂಡು: ಸೂಜಿಗೆ ದಾರ ಪೋಣಿಸುವಷ್ಟು,
ಅದೂ ಕಣ್ಣು ಚೆನ್ನಾಗಿದ್ದಾಗ.

ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ.
ಮೂರನೆಯ ಬೆಳಗು ಹಾಸಿಗೆ ಖಾಲಿ,
ಚಪ್ಪಲಿ ಮಾತ್ರ ಹೊಸ್ತಿಲಲ್ಲಿ.
ಹಳೆಯ ಅಂಗಿಗಳು ಈಗ ಭುಜಕ್ಕೆ ಹಿಡಿಯುತ್ತವೆ.
ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟು ಹೊಲಿಯುವುದು ನನ್ನ ಚಾಳಿ;
ಕೂತು ಬಿಚ್ಚುತ್ತಿದ್ದೇನೆ.

ನಿನ್ನೆ ಹಿಂದಿನಿಂದ ಬಂದವನು
ನನ್ನ ಕೊರಳ ಟೇಪು ಎಳೆದು ನನಗೇ ಸುತ್ತಿದ.
"ಉಸಿರು ತಗೋ ಪಪ್ಪಾ."
ತೆಗೆದುಕೊಂಡೆ. ಎಲ್ಲೋ ಮಧ್ಯದಲ್ಲಿ ಅದು ಸಿಕ್ಕಿಹಾಕಿಕೊಂಡಿತು.
ಅವನು ಏನೂ ಅನ್ನಲಿಲ್ಲ.
ಬೀಡಿಕಟ್ಟು ಯಾವ ಖಾನೆಯಲ್ಲಿದೆಯೆಂದು ಅವನಿಗೆ ಗೊತ್ತು,
ಅವನ ಮೊಬೈಲಿನ ಪಕ್ಕದಲ್ಲೇ.
ಸುಣ್ಣ ತೆಗೆದು ಗೋಡೆಯ ಕೊನೆಯಲ್ಲಿ
ನನ್ನ ಹೆಸರು, ಎದುರಿಗೆ ಒಂದೂವರೆ.

ದಾರ ಕಚ್ಚಿ ತುಂಡುಮಾಡುತ್ತ
ಯಾರನ್ನೂ ನೋಡದೆ ಕೇಳಿದೆ:
ನಾಳೆ ಇಳಿತ ಎಷ್ಟು ಹೊತ್ತಿಗಂತೆ?