ನಾಲ್ಕನೇ ಖಾನೆ

ಏಳು ಖಾನೆಯ ಓಕ್ ಮರದ ಪೆಟ್ಟಿಗೆ.
ಮೊಮ್ಮಗನ ಕೆಂಪು ಜಾರುಬಂಡಿಗೆ ಹಗ್ಗ ಬಿಗಿದು
ತಾನೇ ಎಳೆದು ತಂದಿದ್ದಳು ಔನೆ ಹಿಯೆತಲ.
ತಾಂಪೆರೆಯಲ್ಲಿ ಫೆಬ್ರವರಿ; ಸರೋವರ ಕಲ್ಲಾಗಿತ್ತು.
"ನಾಲ್ಕನೆಯದು ಹಟಮಾರಿ," ಅಂದಳು ಕೈಗವಸು ಬಿಚ್ಚದೆ,
"ಉಳಿದವು ಬರೀ ಗೊಣಗುತ್ತವೆ."

ಮೂವತ್ತೆಂಟು ವರ್ಷ ಇಂಜಿನ್ ಕಾರ್ಖಾನೆಯಲ್ಲಿ
ಕೂದಲನ್ನು ಹತ್ತಾಗಿ ಸೀಳಿ ಅಳೆದವಳು.
ಈಗ ಅಳೆಯುವುದು ಏನೂ ಉಳಿದಿಲ್ಲ.
ಆದರೂ ಬೆಳಿಗ್ಗೆ ಎದ್ದು ಮೈಕ್ರೊಮೀಟರಿಗೆ
ಒಂದು ಹನಿ ಎಣ್ಣೆ ಸವರದಿದ್ದರೆ
ಕಾಫಿ ಗಂಟಲಲ್ಲಿ ಇಳಿಯುವುದಿಲ್ಲವಂತೆ.

ಖಾನೆ ಹೊರಗೆಳೆದು ಒಳಗೆ ದೀಪ ಹಿಡಿದೆ.
ಮರ ಚಾಡಿ ಹೇಳಿತು:
ಎಡಗಡೆಯ ಪಟ್ಟಿ ಬಚ್ಚಲಲ್ಲಿ ಉಳಿದ ಸಾಬೂನಿನ ಚೂರು,
ಬಲಗಡೆಯದು ಇನ್ನೂ ಇಸ್ತ್ರಿ ಮುರಿಯದ ಅಂಗಿ.
ಎರಡು ಹಿಡಿಯಿದ್ದರೂ ಒಂದನ್ನೇ ಹಿಡಿದೆಳೆದಿದ್ದಾಳೆ;
ಬಲಗೈಯಲ್ಲಿ ಯಾವಾಗಲೂ ಇನ್ನೇನೋ ಇತ್ತು.
ಅದೂ ಅರ್ಧಕ್ಕೆ ಮಾತ್ರ. ಮುಂದಿನ ಒಂದು ಗೇಣು ತಗ್ಗು,
ಹಿಂದಿನದು ಕೊಂಡ ದಿನದ ಹಾಗೇ ಇದೆ.
ಖಾನೆಯ ಹಿಂಬದಿಯಲ್ಲಿ ಏನಿತ್ತೆಂದು ಅವಳಿಗೇ ತಿಳಿಯದು:
ಒಂದು ಕೋಟಿನ ಗುಂಡಿ, ಬೇರಿಂಗಿನ ಎರಡು ಗೋಲಿ,
ಕಲ್ಲಾದ ಕಪ್ಪು ಉಪ್ಪುಮಿಠಾಯಿ.

ಒದ್ದೆ ಬಟ್ಟೆ, ಅದರ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ.
ಹಳೆಯ ಮರವಜ್ರ ಮೆತ್ತಗಾಗಿ
ಲಾಯದ ವಾಸನೆ ಬಂತು ಕೋಣೆಗೆಲ್ಲ.
ಉಳಿಯ ತುದಿ ಒಳಗೆ ನುಸುಳಿತು, ಪಟ್ಟಿ ಎದ್ದಿತು.
ಅದರಡಿ ಇನ್ನೊಂದೇನೋ:
ಉದ್ದಕ್ಕೆ ಸೀಳಿ ಒಂದರ ಮೇಲೊಂದಿಟ್ಟ ಇಸ್ಪೀಟಿನ ಎಲೆ,
ಮೂರು ಪದರ.
ಮೇಲಿನದರಲ್ಲಿ ಅರ್ಧ ಮೂಗು, ಒಂದೇ ಕಣ್ಣು,
ಕಳಾವರ್ ರಾಣಿ.

ಔನೆ ಕನ್ನಡಕ ಹಾಕಿಕೊಂಡಳು. ತೆಗೆದಳು. ಮತ್ತೆ ಹಾಕಿಕೊಂಡಳು.
"ನಾವು ನಾಲ್ವರು," ಅಂದಳು, "ಶನಿವಾರ, ಸೌನಾದಲ್ಲಿ ಬೆವರಿ ಬಂದು.
ಒಂದು ಶನಿವಾರ ಎಣಿಸಿದರೆ ಐವತ್ತೊಂದೇ ಎಲೆ.
ಲೆಂಪಿಯ ತೋಳಿನಲ್ಲಿದೆ ಅಂದವನು ನನ್ನ ಗಂಡ ಓಸ್ಕರಿ.
ಲೆಂಪಿ ಎರಡೂ ತೋಳು ಕೊಡವಿ ತೋರಿಸಿದಳು.
ಆಮೇಲೆ ಕೋಟು ತೊಟ್ಟಳು.
ಅದೇ ವಾರ ಇವನು ಅಂದಿದ್ದ:
ನಿನ್ನ ನಾಲ್ಕನೆಯದು ಸರಿ ಮಾಡಿಟ್ಟಿದ್ದೇನೆ, ಎಳೆದು ನೋಡು."

ಎಳೆದಿದ್ದಳು. ಚೆನ್ನಾಗಿಯೇ ಬಂದಿತ್ತು.

ನಾನು ಏನು ಹೇಳಲಿ. ಬರ್ಚ್ ಮರದ ತುಂಡೊಂದನ್ನು ಕೀಸಿದೆ.
ಸಿಪ್ಪೆ ಸುರುಳಿ ಸುರುಳಿಯಾಗಿ ಪಾದದ ಮೇಲೆ ಬಿತ್ತು.
ಕೂರಿಸಿ ನೋಡುವುದು, ಬಿಗಿ; ಒಂದು ಕೀಸು;
ಕೂರಿಸುವುದು, ಇನ್ನೂ ಬಿಗಿ; ಅರ್ಧ ಕೀಸು.
ಸವೆದದ್ದನ್ನು ಸವೆಸಿಯೇ ಸರಿಪಡಿಸಬೇಕು,
ಈ ಕಸುಬಿನ ಹಣೆಬರಹವೇ ಅದು.
ತೋಡಿಗೆ ಮೇಣದಬತ್ತಿ ತಿಕ್ಕಿದೆ.
ಈಗ ನಾಲ್ಕನೆಯದನ್ನು ಮುಚ್ಚಿದರೆ
ಒಳಗಿನ ಗಾಳಿ ತಳ್ಳಿ ಐದನೆಯದು
ಎರಡು ನೂಲು ಮುಂದೆ ಬಂದು ಇಣುಕುತ್ತದೆ.

ಅವಳ ಎಡಗೈಗೆ ಅದು ಗೊತ್ತಿರಬೇಕಲ್ಲ.
ಹಳೆಯ ಜಗಳದ ಬಲವನ್ನೆಲ್ಲ ಹಾಕಿ ಜಗ್ಗಿದಳು.
ಖಾನೆ ಹಕ್ಕಿಯಂತೆ ಹಾರಿ ನೆಲಕ್ಕೆ ಬಿತ್ತು,
ಅಳತೆಯ ಉಕ್ಕಿನ ತುಂಡುಗಳು ಒಲೆಯಡಿಗೆ ಉರುಳಿದವು.
"ಹಾಳಾದ್ದು! ಇಷ್ಟು ನಯ ಯಾರು ಕೇಳಿದ್ದರು?"

ಅಲ್ಲೇ ಕೂತಳು, ನೆಲದ ಮೇಲೆ, ಕಾಲು ಚಾಚಿ.
ಉಕ್ಕನ್ನು ಹೆಕ್ಕಲಿಲ್ಲ. ಎಲೆಯ ಮೂರು ಸೀಳನ್ನು
ಮೊಣಕಾಲ ಮೇಲೆ ಜೋಡಿಸುತ್ತಿದ್ದಳು.
"ಅಂಟುತ್ತದೆಯೇ?"
ಅಂಟುತ್ತದೆ, ಅಂದೆ. ಆದರೆ ಆಟಕ್ಕೆ ಬರುವುದಿಲ್ಲ;
ಬೆನ್ನು ನೋಡಿಯೇ ಯಾರಾದರೂ ಗುರುತು ಹಿಡಿದಾರು.
"ಹಿಡಿಯಲಿ," ಅಂದಳು. "ಔಲುವಿನಲ್ಲಿ ಇನ್ನೂ ಇದ್ದಾಳಂತೆ.
ಕಣ್ಣು ಅಷ್ಟಕ್ಕಷ್ಟೆಯಂತೆ."

ಸಂಜೆ ಮೂರೂವರೆ, ಬೆಳಕು ಬಾಗಿಲು ಹಾಕುತ್ತಿತ್ತು.
ಪೆಟ್ಟಿಗೆಯನ್ನು ಜಾರುಬಂಡಿಗೆ ಕಟ್ಟಿದೆವು.
ರಾಣಿ ಕೈಗವಸಿನ ಒಳಗೆ ಹೋದಳು.
ದುಡ್ಡು ಕೊಡಲು ಔನೆ ಮರೆತಳು, ಕೇಳಲು ನಾನು.
ಹಿಮದ ಮೇಲೆ ಎರಡು ಗೀರು
ಬೀದಿಯ ತಿರುವಿನ ತನಕ ಒಂದೇ ಆಳ.
ಐದನೆಯದು ಇನ್ನೂ ಗೊಣಗುತ್ತದೆ.
ಮುಂದಿನ ವಾರ ತರುತ್ತೇನೆ ಅಂದಿದ್ದಾಳೆ.